ಪುಣೆ–ಮುಂಬೈ ಲಿವರ್ ಸಾಗಣೆ: ಐಸ್ ಪೆಟ್ಟಿಗೆ ಸಾಲದೇ?

ಪ್ರಶ್ನೆ (ಪುಣೆ ಐಸಿಯು): ಕಸಿಗೆ ಹೋಗೋ ಲಿವರ್‌ಗೆ ಗ್ರೀನ್ ಕಾರಿಡಾರ್ (ಪೊಲೀಸರು ತೆರವು ಮಾಡಿಕೊಡೋ ದಾರಿ) ಇದ್ದರೆ ಎಕ್ಸ್‌ಪ್ರೆಸ್‌ವೇನಲ್ಲಿ ಕೆಲವೇ ಗಂಟೆ. ಮತ್ತೆ ಲಿವರ್‌ಗೆ ಬೆಚ್ಚಗಿನ ರಕ್ತ ಹರಿಸೋ 37 ಡಿಗ್ರಿ ಯಂತ್ರ ಯಾಕೆ?

ಪರೇಲ್ ಪರ್ಫ್ಯೂಷನ್ (ಮುಂಬೈನಲ್ಲಿ ಆ ಯಂತ್ರ ನಡೆಸೋರು): ದೂರಕ್ಕಲ್ಲ ಸರ್, ಪರೀಕ್ಷೆಗೆ. ಒಳ್ಳೆ ಲಿವರ್‌ಗೆ ಐಸೇ ಸಾಕು. ಕೊಬ್ಬು ತುಂಬಿದ್ದು ಬಂದರೆ ಐಸಲ್ಲಿ ಅದು ಕೆಲಸ ಮಾಡುತ್ತೋ ಇಲ್ಲವೋ ಗೊತ್ತಾಗಲ್ಲ. ಯಂತ್ರದಲ್ಲಿ ಲ್ಯಾಕ್ಟೇಟ್ (ಕೆಲಸ ಮಾಡೋ ಲಿವರ್ ರಕ್ತದಿಂದ ತೆಗೆದುಹಾಕೋ ವಸ್ತು) ಲೀಟರ್‌ಗೆ 2.5 ಮಿಲಿಮೋಲ್‌ಗಿಂತ ಕೆಳಗೆ ಇಳಿಯುತ್ತಾ, ಪಿಎಚ್ (ಆಮ್ಲೀಯತೆಯ ಅಳತೆ) 7.3ರ ಮೇಲೆ ನಿಲ್ಲುತ್ತಾ, ಪಿತ್ತ ಬರುತ್ತಾ ನೋಡಬಹುದು. ಲಿವರ್‌ಗೆ ರಕ್ತ ತರೋ ಎರಡು ನಾಳಗಳಲ್ಲಿ ಹೆಪಾಟಿಕ್ ಆರ್ಟರಿ ಹರಿವು ನಿಮಿಷಕ್ಕೆ 150 ಮಿಲೀ, ಪೋರ್ಟಲ್ ವೇನ್ 500 ದಾಟಬೇಕು.

ಪುಣೆ ಐಸಿಯು: ಯಂತ್ರದ ಸರ್ಕ್ಯೂಟ್‌ಗೆ ಏನೇನು ಹಾಕ್ತೀರಿ?

ಪರೇಲ್ ಪರ್ಫ್ಯೂಷನ್: ಸುಮಾರು 3 ಯೂನಿಟ್ ಪ್ಯಾಕ್ಡ್ ಸೆಲ್ (ಕೆಂಪು ರಕ್ತಕಣ), ಕೊಲಾಯ್ಡ್ (ನೀರನ್ನು ನಾಳದಲ್ಲೇ ಹಿಡಿದಿಡೋ ದ್ರವ), ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ಔಷಧಿ), ಇನ್ಸುಲಿನ್, ಪಿತ್ತಲವಣ, ಆಂಟಿಬಯೋಟಿಕ್. ಕ್ಯಾಲ್ಸಿಯಂ ಮರೀಬೇಡಿ, ರಕ್ತದ ಚೀಲದ ಸಿಟ್ರೇಟ್ ಅದನ್ನು ಹಿಡಿದುಬಿಡುತ್ತೆ. ಜೋಡಿಸೋ ಮುಂಚೆ ಲಿವರ್‌ನಿಂದ ಯುಡಬ್ಲ್ಯೂ ದ್ರಾವಣ (ಐಸಲ್ಲಿಡುವಾಗ ಲಿವರ್ ಕಾಪಾಡೋ ದ್ರವ) ಪೂರ್ತಿ ತೊಳೀರಿ, ಅದರ ತುಂಬಾ ಪೊಟ್ಯಾಸಿಯಂ.

ಪಣಜಿ ಓಟಿ (ಆಪರೇಷನ್ ಥಿಯೇಟರ್): ಎಲ್ಲರೂ ಮರೆಯೋದು ಒಂದು: ಪಂಪ್ ನಿಂತರೆ ಬೆಚ್ಚಗಿರೋ ಲಿವರ್ ರಕ್ತವಿಲ್ಲದೆ ಬೇಗ ಸಾಯುತ್ತೆ. ಐಸಲ್ಲಿದ್ದರೆ ಅಷ್ಟು ಅವಸರವಿಲ್ಲ. ಹಾಗಾಗಿ ತಣ್ಣನೆ ದ್ರಾವಣ, ಐಸ್ ಪಕ್ಕದಲ್ಲೇ ಇರಲಿ. ಕ್ಯಾನ್ಯುಲಾ (ರಕ್ತನಾಳಕ್ಕೆ ಹಾಕಿದ ಕೊಳವೆ) ತಿರುಚಿದರೂ ಹರಿವು ಬೀಳುತ್ತೆ. ಔಷಧಿ ಹಾಕೋ ಮೊದಲು ಅದನ್ನೇ ನೋಡಿ.