ಬಲೆ ತುಂಬ ಹಣ್ಣುನೊಣ, ಆದರೂ ಹಾಗಲಕಾಯಿ ತುಂಬ ಹುಳ!

ಹಾಗಲಬಳ್ಳಿ: ಹಾಗಲ ಚಪ್ಪರಕ್ಕೆ ಮೀಥೈಲ್ ಯುಜಿನಾಲ್ (ವಾಸನೆಯಿಂದ ನೊಣ ಸೆಳೆಯೋ ಮದ್ದು) ಬಲೆ ಕಟ್ಟಿ ಮೂರು ವಾರ ಆಯ್ತು. ತೆಗೆದು ನೋಡಿದಾಗೆಲ್ಲ ಮೂವತ್ತು ನಲವತ್ತು ನೊಣ ಬಿದ್ದಿರುತ್ತೆ. ಆದರೂ ಎಳೆಕಾಯಿ ಸೀಳಿದ್ರೆ ಒಳಗೆ ಹುಳ ಮಿಜಿಮಿಜಿ. ಮದ್ದು ಕೆಟ್ಟಿದೆಯಾ? ಇನ್ನೊಂದು ಗೊಂದಲ: ಹಳೇ ಪುಸ್ತಕದಲ್ಲಿ ಹಾಗಲದ ನೊಣ ಬ್ಯಾಕ್ಟ್ರೋಸೆರಾ ಕುಕರ್ಬಿಟೇ, ಹೊಸ ಪಟ್ಟಿಯಲ್ಲಿ ಝ್ಯೂಗೋಡೇಕಸ್ ಕುಕರ್ಬಿಟೇ. ಎರಡೂ ಬೇರೆ ನೊಣಾನಾ?

ಭೂತಗನ್ನಡಿ: ಮದ್ದು ಚೆನ್ನಾಗೇ ಇದೆ, ಬೇರೆಯವರನ್ನ ಕರೆದು ಕೂರಿಸಿದ್ದೀರಿ ಅಷ್ಟೇ. ಮೀಥೈಲ್ ಯುಜಿನಾಲ್‌ಗೆ ಬರೋದು ಮಾವು, ಸೀಬೆ ಕೆಡಿಸೋ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್, ಝೋನೇಟಾ, ಕರೆಕ್ಟಾ ಇಂಥವು, ಅದೂ ಗಂಡುಗಳು. ಹಾಗಲದ ಕುಕರ್ಬಿಟೇಗೆ ಕ್ಯೂ ಲೂರ್ ಅನ್ನೋ ಬೇರೆ ಸೆಳೆಮದ್ದು ಬೇಕು. ಬಿದ್ದಿರೋ ನೊಣದ ಬೆನ್ನ ಮೇಲೆ ಹಳದಿ ಗೆರೆ ಎಷ್ಟಿವೆ?

ಹಾಗಲಬಳ್ಳಿ: ಎರಡು, ಆಚೆ ಈಚೆ ಒಂದೊಂದು. ನಡುವೆ ಕಪ್ಪು. ಹೊಟ್ಟೆ ಮೇಲೆ 'ಟಿ' ಅಕ್ಷರದ ಥರ ಗುರುತು.

ಭೂತಗನ್ನಡಿ: ರೆಕ್ಕೆಯ ಮುಂದಿನ ಅಂಚಿಗೆ ಉದ್ದಕ್ಕೂ ಸಣ್ಣ ಕಂದು ಪಟ್ಟಿ ಇದ್ದರೆ ಡಾರ್ಸಾಲಿಸ್ ಗುಂಪು. ಪಟ್ಟಿ ಇಲ್ಲದೆ ತುದಿಯಲ್ಲಿ ಚುಕ್ಕೆ ಮಾತ್ರ, ಮೈ ಕೆಂಗಂದು ಅಂದರೆ ಝೋನೇಟಾ. ಕುಕರ್ಬಿಟೇಗೆ ಬೆನ್ನ ನಡುವೆ ಮೂರನೇ ಗೆರೆ ಇರುತ್ತೆ. ಬಲೆಯದನ್ನ ಬಿಡಿ, ಕಾಯಿಯ ಹುಳಾನೇ ಸಾಕಿ ನೋಡಿ. ಡಬ್ಬಿ ತಳಕ್ಕೆ ಒದ್ದೆ ಮರಳು, ಮೇಲೆ ಹುಳದ ಕಾಯಿ, ಬಾಯಿಗೆ ಬಟ್ಟೆ. ಹುಳ ಮರಳಿಗಿಳಿದು ಕೋಶ ಕಟ್ಟುತ್ತೆ. ಹೊರಬಂದ ನೊಣವನ್ನ ತಕ್ಷಣ ಕೊಲ್ಲಬೇಡಿ, ಬಣ್ಣ ಇನ್ನೂ ಹಸಿ. ಎರಡು ಮೂರು ದಿನ ಸಕ್ಕರೆ ನೀರು ಕೊಡಿ.

ಆರನೇಕಾಲು: ಹೆಸರಿನ ವಿಷಯ: ಎರಡೂ ಒಂದೇ ನೊಣ. ಝ್ಯೂಗೋಡೇಕಸ್ ಮೊದಲು ಬ್ಯಾಕ್ಟ್ರೋಸೆರಾ ಕುಲದೊಳಗಿನ (ಕುಲ ಅಂದ್ರೆ ಹತ್ತಿರದ ಪ್ರಭೇದಗಳ ಗುಂಪು, ಜೀನಸ್) ಉಪಕುಲ. ಡಿಎನ್‌ಎ ನೋಡಿದ್ರೆ ಅದಕ್ಕೆ ಡೇಕಸ್ ಕುಲವೇ ಹತ್ತಿರದ ನೆಂಟ. ಹಾಗಾಗಿ 2015ರಲ್ಲಿ ಸ್ವಂತ ಕುಲ ಮಾಡಿದ್ರು. ತಮಾಷೆ ಅಂದ್ರೆ ಅದೇ ವರ್ಷ ಇನ್ನೊಂದು ಕಡೆ ಉಲ್ಟಾ ಆಯ್ತು: ಬೇರೆ ಪ್ರಭೇದ ಅಂತಿದ್ದ ಇನ್ವೇಡೆನ್ಸ್, ಪಪಾಯೇ, ಫಿಲಿಪಿನೆನ್ಸಿಸ್ ಮೂರೂ ಡಾರ್ಸಾಲಿಸ್‌ನಲ್ಲಿ ಕರಗಿದವು. ಇನ್ವೇಡೆನ್ಸ್ ಅಂದ್ರೆ 2003ರಲ್ಲಿ ಕೀನ್ಯಾದಲ್ಲಿ ಸಿಕ್ಕಿ 2005ರಲ್ಲಿ ಹೊಸ ಪ್ರಭೇದ ಅಂತ ಹೆಸರು ಪಡೆದದ್ದು. ಕೊನೆಗೆ ನೋಡಿದ್ರೆ ಏಷ್ಯಾದ ಹಳೇ ನೊಣವೇ!

ಇನ್ನು ಬಾಳೆಹಣ್ಣಿನ ಮೇಲೆ ಸುತ್ತೋ ಕೆಂಗಣ್ಣಿನ ಪುಟ್ಟ ಡ್ರೋಸೋಫಿಲಾವನ್ನೂ ಹಣ್ಣುನೊಣ ಅಂತಾರೆ. ಅದರ ಕುಟುಂಬವೇ ಬೇರೆ. ನಮ್ಮದು ಟೆಫ್ರಿಟಿಡೇ, ಪ್ರಭೇದ ಸುಮಾರು 5000. ಅದರಲ್ಲಿ ಅಮೆರಿಕದ ಉಷ್ಣ ನಾಡಿಗೆ ಅನಾಸ್ಟ್ರೆಫಾ ಕುಲ, ಆಫ್ರಿಕಾ ಮೂಲದ್ದು ಸೆರಾಟೈಟಿಸ್ ಕುಲ. ಹಣ್ಣನ್ನ ಮೂಸದೆ ಸೇವಂತಿ ಕುಟುಂಬದ ಹೂತಲೆಯಲ್ಲಿ ಬೆಳೆಯೋವೂ ಬೇಕಾದಷ್ಟಿವೆ.

ಹಾಗಲಬಳ್ಳಿ: ಎರಡು ವಾರದ ನಂತರ ಬಂದೆ. ಡಬ್ಬಿಯಿಂದ ಐದು ಬಂದವು, ಐದಕ್ಕೂ ಮೂರು ಗೆರೆ! ಕ್ಯೂ ಲೂರ್ ಕಟ್ಟಿದ್ದೀನಿ. ಆದರೆ ನಾಲ್ಕರ ರೆಕ್ಕೆಯಲ್ಲಿ ತುದಿ ಹತ್ತಿರ ಕಂದು ಅಡ್ಡಪಟ್ಟೆ ಇದೆ, ಒಂದಕ್ಕಿಲ್ಲ.

ಭೂತಗನ್ನಡಿ: ಅಡ್ಡಪಟ್ಟೆ ಇಲ್ಲದ ಆ ಒಂದು ಅದೇ ಕುಲದ ಇನ್ನೊಂದು ಪ್ರಭೇದ, ಝ್ಯೂಗೋಡೇಕಸ್ ಟೌ ಇರಬಹುದು. ಅದೂ ಕ್ಯೂ ಲೂರ್‌ಗೆ ಬರುತ್ತೆ. ಬಲೆಗೆ ಬೀಳೋದು ಗಂಡು ಮಾತ್ರ, ಎಳೆಕಾಯಿಗೆ ಚೀಲ ಕಟ್ಟೋದು ಬಿಡಬೇಡಿ. ರೆಕ್ಕೆ ಬಿಡಿಸಿ ಒಂದು ಫೋಟೋ ಹಾಕಿ.