ಜರ್ಮನ್ ಕುದುರೆ ಪಡೆಯ ಹಳೆ ಹೆಲ್ಮೆಟ್: ಕೊಳ್ಳುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿನ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಉಕ್ಕಿನ ಹೆಲ್ಮೆಟ್ ಕಣ್ಣಿಗೆ ಬಿತ್ತು. ನೆತ್ತಿಯ ಮೇಲೆ ಮೊನೆ, ಮುಂದೆ ಹದ್ದು, ಹಿಂದೆ ಕತ್ತು ಮುಚ್ಚುವಷ್ಟು ಇಳಿದ ತಗಡು. 1910ರ ಸುಮಾರಿನದು ಅನ್ನುತ್ತಾರೆ. ಬೆಲೆ ಜಾಸ್ತಿ. ಅಸಲಿ ಅಂತ ಹೇಗೆ ಗೊತ್ತಾಗುತ್ತದೆ? ಅನುಭವ ಇದ್ದವರು ಹೇಳಿ.

ಉತ್ತರ: ನೀವು ಹೇಳಿದ್ದು ಕ್ಯುರಾಸಿಯರ್ ಹೆಲ್ಮೆಟ್ ಇರಬಹುದು. ಅಂದರೆ ಭಾರಿ ಕುದುರೆ ಪಡೆಯದು. ಹಿಂದಿನ ತಗಡು ಸಿಗಡಿಯ ಬಾಲದ ಹಾಗಿರುತ್ತದೆ. ಆದರೆ ಬಾಲ ಕಂಡ ತಕ್ಷಣ ತೀರ್ಮಾನ ಮಾಡಬೇಡಿ, ಯೇಗರ್ ತ್ಸು ಫೇರ್ಡೆ ಅನ್ನುವ, ಕುದುರೆ ಮೇಲಿನ ಬಂದೂಕುದಾರರ ಪಡೆಯೂ ಇದೇ ಆಕಾರದ್ದನ್ನು ಹಾಕುತ್ತಿತ್ತು, ಅದರ ಉಕ್ಕು ಕಪ್ಪು. ಕುದುರೆ ಪಡೆಯ ಬೇರೆ ವಿಭಾಗಗಳಲ್ಲಿ ಡ್ರಗೂನ್‌ಗಳದ್ದು ಚರ್ಮದ ಪಿಕಲ್‌ಹಾಬ (ಮೊನೆ ಇರುವ ಹೆಲ್ಮೆಟ್), ಊಲಾನ್‌ಗಳದ್ದು ನೆತ್ತಿಯ ಮೇಲೆ ಚೌಕ ಹಲಗೆ ಕೂರಿಸಿದಂಥ ಚಾಪ್ಕಾ, ಹುಸಾರ್‌ಗಳದ್ದು ತುಪ್ಪಳದ ಟೋಪಿ. ರಾಜನ ಅಂಗರಕ್ಷಕ ಪಡೆಯಾದ ಗಾರ್ಡ್ ಡು ಕೋರ್‌ನದ್ದು ಟೊಂಬ್ಯಾಕ್, ಅಂದರೆ ತಾಮ್ರ ಜಾಸ್ತಿ ಇರುವ ಹಿತ್ತಾಳೆ. ಪೆರೇಡ್‌ಗೆ ಮೊನೆ ತೆಗೆದು ರೆಕ್ಕೆ ಬಿಚ್ಚಿದ ಹದ್ದು ಕೂರಿಸುತ್ತಿದ್ದರು. ಆದ್ದರಿಂದ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಉಕ್ಕಿಗೆ ಅಂಟುತ್ತದೆ, ಟೊಂಬ್ಯಾಕ್‌ಗೆ ಅಂಟುವುದಿಲ್ಲ.

ಇನ್ನು ಮುಖ್ಯ ಮಾತು. ಹೊರಗಡೆ ಎಷ್ಟು ನೋಡಿದರೂ ಸಾಲದು, ಒಳಗೆ ನೋಡಬೇಕು. ನಾನು ಮೊದಲು ಕೊಂಡದ್ದು ಸಿಪಾಯಿಯ ಡ್ರಗೂನ್ ಹೆಲ್ಮೆಟ್. ಹೊರಗೆ ಫಳಫಳ. ಮನೆಗೆ ತಂದು ಒಳಗಿನ ಚರ್ಮದ ಪಟ್ಟಿ ಮಡಚಿ ಟಾರ್ಚ್ ಬಿಟ್ಟೆ. ಹದ್ದಿನ ಎರಡು ಕೊಂಡಿಗೆ ಎರಡೇ ತೂತು ಸಾಕು, ಅಲ್ಲಿ ನಾಲ್ಕಿದ್ದವು. ಎರಡರ ಅಂಚಿನಲ್ಲಿ ಚರ್ಮ ತಿಳಿ ಕಂದು, ಇನ್ನೆರಡರ ಸುತ್ತ ಕಪ್ಪು ಜಿಡ್ಡು. ಯಾವುದೋ ಹದ್ದು ಕಿತ್ತು ಬೇರೆಯದನ್ನು ಹಾಕಿದ್ದರು. ಹೆಲ್ಮೆಟ್ ಹಳೆಯದೇ, ಆದರೆ ಅದರ ರೆಜಿಮೆಂಟ್ ಯಾವುದು ಅನ್ನುವ ಕಥೆ ಮಾತ್ರ ಹೋಯಿತು. ತುಂಬಾ ಬೇಜಾರಾಯಿತು.

ಕೊಕೇಡ್‌ಗಳನ್ನೂ ನೋಡಿ, ಅಂದರೆ ಹೆಲ್ಮೆಟ್‌ನ ಎರಡೂ ಪಕ್ಕದ ದುಂಡು ಬಿಲ್ಲೆಗಳು. 1897ರಿಂದ ಬಲಗಡೆ ಇಡೀ ಜರ್ಮನಿಯ ಕಪ್ಪು-ಬಿಳಿ-ಕೆಂಪು ಬಿಲ್ಲೆ, ಎಡಗಡೆ ಆಯಾ ರಾಜ್ಯದ್ದು. ನಿಮ್ಮದು 1910ರದು ಅಂದಮೇಲೆ ಎರಡೂ ಇರಬೇಕು. ಒಂದೇ ಇದ್ದರೆ ಕೇಳಿ, ಕಳೆದುಹೋಗಿರಲೂಬಹುದು. ಹಿಂದಿನ ತಗಡಿನ ಒಳಗೆ ರೆಜಿಮೆಂಟ್ ಮುದ್ರೆ ಹುಡುಕಿ. ಅಧಿಕಾರಿಗಳು ಸ್ವಂತ ದುಡ್ಡಲ್ಲಿ ಕೊಂಡದ್ದರಲ್ಲಿ ಮುದ್ರೆ ಇರುವುದಿಲ್ಲ, ಅದಕ್ಕೆ ಹೆದರಬೇಡಿ. ಹದ್ದಿನ ಮೇಲೆ ‘ಮಿಟ್ ಗೋಟ್’ (ದೇವರೊಡನೆ) ಅಂತ ಶುರುವಾಗುವ ಬರಹದ ಪಟ್ಟಿ ಇದ್ದರೆ ಪ್ರಷ್ಯಾದ್ದು. ಬವೇರಿಯಾದ್ದಾದರೆ ಹದ್ದೇ ಬರುವುದಿಲ್ಲ, ಸಿಂಹಗಳು ಹಿಡಿದ ಲಾಂಛನ ಬರುತ್ತದೆ.

ಇನ್ನೊಂದು ಉತ್ತರ: ಮಂಗಳೂರಿನಿಂದ ಬರೆಯುತ್ತಿದ್ದೇನೆ. ಹೊಸದಾಗಿ ಮಾಡಿದ ಪಿಕಲ್‌ಹಾಬಗಳು ನಮ್ಮ ದೇಶದಲ್ಲೇ ತಯಾರಾಗಿ ಹೊರಗೆ ಹೋಗುತ್ತವೆ. ಗೋಡೆಗೆ ಅವು ಚೆನ್ನ, ಅಸಲಿ ಬೆಲೆ ಕೊಡಬೇಡಿ ಅಷ್ಟೇ. ಊರಿಗೆ ತರುವವರು ಚರ್ಮದ್ದಾದರೆ ಮಳೆಗಾಲಕ್ಕೆ ಸಿಲಿಕಾ ಜೆಲ್ ಇಟ್ಟು ಮುಚ್ಚಿಡಿ. ನನ್ನದಕ್ಕೆ ಒಂದೇ ಜುಲೈನಲ್ಲಿ ಬೂಷ್ಟು ಬಂತು. ಲೋಹಕ್ಕೆ ಪಾಲಿಶ್ ಹಚ್ಚಲೇಬೇಡಿ, ಹಳೆ ಬಣ್ಣ ಹೋದರೆ ಮತ್ತೆ ಬರುವುದಿಲ್ಲ.

ಕೇಳಿದವರು: ನಿನ್ನೆ ಹೋಗಿದ್ದೆ. ಅಯಸ್ಕಾಂತ ಅಂಟಿತು, ಕೊಕೇಡ್ ಎರಡೂ ಇವೆ. ಆದರೆ ಒಳಪಟ್ಟಿ ಎತ್ತಿ ನೋಡಲು ಬಿಡಲಿಲ್ಲ, ಸುಮ್ನೆ ಬಿಟ್ಟು ಬಂದೆ. ಭಾನುವಾರ ಇಂಗೊಲ್‌ಸ್ಟಾಟ್‌ನ ಬವೇರಿಯನ್ ಸೇನಾ ಮ್ಯೂಸಿಯಂಗೆ ಹೊರಟಿದ್ದೇನೆ. ಮೊದಲು ಅಸಲಿಯದ್ದನ್ನು ಕಣ್ತುಂಬ ನೋಡಿಕೊಂಡು ಬರುತ್ತೇನೆ.