ಹೊಗೆ ನಿಯಮ ಇಷ್ಟು ಬಿಗಿಯಾದ ಮೇಲೆ ಡೀಸೆಲ್ ಟ್ಯೂನಿಂಗ್‌ಗೆ ಉಳಿಗಾಲ ಇದೆಯಾ?

ಮಸಿಕೈ:

ಡೀಸೆಲ್ ಗಾಡಿಗಳ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನಿಂಗ್ ನನ್ನ ಹೊಟ್ಟೆಪಾಡು. ಹತ್ತು ವರ್ಷ ಆಯಿತು. ಶುರುವಿನಲ್ಲಿ ಕೈಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಬಾಷ್ ಕಂಪನಿಯ ಇಡಿಸಿ15, ಇಡಿಸಿ16 ಇಸಿಯು ಇರುವ ಹಳೇ ಗಾಡಿಗಳು. ಅದರ ಸಾಫ್ಟ್‌ವೇರ್ ಫೈಲ್ ಓದಿ, ಹೊಗೆ ಮತ್ತು ಎಳೆತಕ್ಕೆ ಇರುವ ಮಿತಿ (ಸ್ಮೋಕ್ ಲಿಮಿಟರ್, ಟಾರ್ಕ್ ಲಿಮಿಟರ್) ಸ್ವಲ್ಪ ಎತ್ತಿ, ಟರ್ಬೋ ಗಾಳಿಯ ಒತ್ತಡ (ಬೂಸ್ಟ್) ಹೊಂದಿಸಿ, ಫೈಲ್ ತಾಳೆ ನೋಡುವ ಚೆಕ್‌ಸಮ್ ಸರಿಮಾಡಿ ವಾಪಸ್ ಬರೆದರೆ ಗಾಡಿ ಬೇರೆಯದೇ ಥರ ಎಳೆಯುತ್ತಿತ್ತು.

ಈಗ ಬರುವ ಗಾಡಿಗಳಲ್ಲಿ ಎಂಡಿ1 ಇಸಿಯು. ಕಂಪನಿಯ ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರನ್ನು ಅದು ಒಳಗೇ ಬಿಡುವುದಿಲ್ಲ. ಜೊತೆಗೆ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್), ಎಸ್‌ಸಿಆರ್ (ಯೂರಿಯಾ ಹಾಕಿ ನಾಕ್ಸ್ ಇಳಿಸುವ ವ್ಯವಸ್ಥೆ), ನಾಕ್ಸ್ (ನೈಟ್ರೋಜನ್ ಆಕ್ಸೈಡ್ ಅನಿಲ) ಸೆನ್ಸರ್‌ಗಳು. ಒಂದು ಕಡೆ ಮುಟ್ಟಿದರೆ ಮೂರು ಕಡೆ ಫಾಲ್ಟ್ ಬರುತ್ತದೆ. ಬರುವವರಲ್ಲಿ ಅರ್ಧ ಜನ ಕೇಳುವುದು ಪವರ್ ಅಲ್ಲ, "ಡಿಪಿಎಫ್ ತೆಗೆದುಬಿಡಿ" ಅಂತ. ಒಂದು ಕಾಲದಲ್ಲಿ ಅದನ್ನೂ ಮಾಡಿದ್ದೇನೆ. ಹಾಗೆ ಮಾಡಿಕೊಟ್ಟ ಗಾಡಿಯೊಂದು ತಿಂಗಳ ನಂತರ ಸರ್ವೀಸಿಗೆ ಬಂತು. ಸೈಲೆನ್ಸರ್ ಬಾಯೊಳಗೆ ಬೆರಳಿಟ್ಟು ನೋಡಿದೆ. ಮೊದಲು ಒರೆಸಿದ ಹಾಗೆ ಇದ್ದ ಜಾಗ, ಈಗ ಬೆರಳು ಪೂರ್ತಿ ಕಪ್ಪು. ಅವತ್ತಿನಿಂದ ಆ ಕೆಲಸ ಬಿಟ್ಟಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ಯುರೋಪಿನ ಮುಂದಿನ ಹೊಗೆ ನಿಯಮ ಯುರೋ 7 ಬರುತ್ತಿದೆ. ಹೊಸ ಟೂಲ್‌ಗಳಿಗೆ ದುಡ್ಡು ಹಾಕಿ ಇದರಲ್ಲೇ ಮುಂದುವರಿಯಲಾ, ಇಲ್ಲ ಬೇರೆ ಕೆಲಸ ಕಲಿಯಲಾ?

ಕಾಮನ್‌ರೈಲ್:

ಬಿಡಬೇಡಿ. ಆದರೆ ಟ್ಯೂನಿಂಗ್ ಅಂದರೆ ಏನು ಅನ್ನುವುದನ್ನು ಮೊದಲಿನಿಂದ ಯೋಚಿಸಬೇಕು.

ಡೀಸೆಲ್ ಕಾರಿಗೆ ನಾಕ್ಸ್ ಮಿತಿ ಯುರೋ 3ರಲ್ಲಿ ಕಿಲೋಮೀಟರಿಗೆ 500 ಮಿಲಿಗ್ರಾಂ ಇತ್ತು. ಯುರೋ 4ರಲ್ಲಿ 250, ಯುರೋ 5ರಲ್ಲಿ 180, ಯುರೋ 6ರಲ್ಲಿ 80. ನಾವು ಹಳೇ ಗಾಡಿಗಳಿಂದ ಸಲೀಸಾಗಿ ಪವರ್ ತೆಗೆಯುತ್ತಿದ್ದೆವಲ್ಲ, ಅದು ನಮ್ಮ ಜಾಣತನಕ್ಕಿಂತ ಜಾಸ್ತಿ ಕಂಪನಿ ಬಿಟ್ಟಿದ್ದ ಸಡಿಲ. ಆ ಸಡಿಲ ಈಗ ಇಲ್ಲ.

ಇಂಜೆಕ್ಷನ್ ಸ್ವಲ್ಪ ಬೇಗ ಮಾಡಿದರೆ ಸಿಲಿಂಡರ್ ಒಳಗೆ ಬಿಸಿ ಏರುತ್ತದೆ, ಮೈಲೇಜ್ ಬರುತ್ತದೆ, ಮಸಿ ಇಳಿಯುತ್ತದೆ, ನಾಕ್ಸ್ ಮಾತ್ರ ಜಿಗಿಯುತ್ತದೆ. ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವುದು) ಜಾಸ್ತಿ ಕೊಟ್ಟರೆ ಇದರ ಉಲ್ಟಾ: ನಾಕ್ಸ್ ಇಳಿದು ಮಸಿ ಏರುತ್ತದೆ. ಎಷ್ಟೋ ವರ್ಷ ಕಂಪನಿಗಳು ಈ ಎರಡರ ನಡುವೆ ಒದ್ದಾಡಿದವು. ಎಸ್‌ಸಿಆರ್ ಬಂದ ಮೇಲೆ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು. ಇಂಜಿನ್‌ನಿಂದ ನಾಕ್ಸ್ ಸ್ವಲ್ಪ ಜಾಸ್ತಿ ಬಂದರೂ ಪರವಾಗಿಲ್ಲ, ಹಿಂದೆ 32.5% ಯೂರಿಯಾ ದ್ರಾವಣ ಅಮೋನಿಯಾ ಆಗಿ ಒಡೆದು ಅದನ್ನು ನೈಟ್ರೋಜನ್ ಮತ್ತು ನೀರು ಮಾಡುತ್ತದೆ. ಅಂದರೆ ಎಸ್‌ಸಿಆರ್ ಟ್ಯೂನರ್‌ಗೆ ಶತ್ರು ಅಲ್ಲ. ಮೈಲೇಜಿಗೆ ಬೇಕಾದ ಟೈಮಿಂಗ್ ಕೊಡಲು ಅದೇ ದಾರಿ.

ಆದರೆ ಟೈಮಿಂಗ್ ಮಾತ್ರ ಬದಲಿಸಿ ನಾಕ್ಸ್ ಮಾಡೆಲ್ (ಎಷ್ಟು ನಾಕ್ಸ್ ಬರುತ್ತದೆ ಅನ್ನುವ ಇಸಿಯು ಲೆಕ್ಕ) ಹಾಗೇ ಬಿಟ್ಟರೆ ಇಸಿಯು ಹಳೇ ಲೆಕ್ಕದಲ್ಲೇ ಯೂರಿಯಾ ಹಾಕುತ್ತದೆ. ಕೊನೆಯ ಸೆನ್ಸರ್ ಅದನ್ನು ಹಿಡಿಯುತ್ತದೆ. ಸ್ವಲ್ಪ ದಿನ ತಾನೇ ಸರಿಹೊಂದಿಸಿಕೊಳ್ಳಲು ನೋಡಿ, ಆಮೇಲೆ ಫಾಲ್ಟ್ ಹಾಕುತ್ತದೆ. ಸುಮ್ನೆ ಯೂರಿಯಾ ಜಾಸ್ತಿ ಮಾಡಿದರೆ ಅಮೋನಿಯಾ ಹೊರಗೆ ಸೋರುತ್ತದೆ, ಪೈಪಿನಲ್ಲಿ ಬಿಳಿ ಗಟ್ಟಿ ಕೂರುತ್ತದೆ.

ಡಿಪಿಎಫ್ ವಿಷಯವೂ ಹಾಗೇ. ಪೂರ್ತಿ ಲೋಡ್‌ನಲ್ಲಿ ಲ್ಯಾಂಬ್ಡಾ (ಡೀಸೆಲ್ ಸುಡಲು ಬೇಕಾದದ್ದರ ಎಷ್ಟು ಪಟ್ಟು ಗಾಳಿ ಇದೆ ಅನ್ನುವುದು) 1.3ರ ಹತ್ತಿರ ಇದ್ದದ್ದನ್ನು 1.1ಕ್ಕೆ ಇಳಿಸಿದರೆ ಪವರ್ ಅಳೆಯುವ ಡೈನೋ ಗ್ರಾಫ್ ಚೆನ್ನಾಗಿ ಕಾಣುತ್ತದೆ. ಇಸಿಯು ಒಳಗಿನ ಮಸಿ ಲೆಕ್ಕಕ್ಕೆ ಮಾತ್ರ ಅದು ಗೊತ್ತೇ ಆಗುವುದಿಲ್ಲ. ಫಿಲ್ಟರ್ ಬೇಗ ತುಂಬುತ್ತದೆ, ರೀಜೆನ್ (ಫಿಲ್ಟರ್‌ನಲ್ಲಿ ಕೂತ ಮಸಿಯನ್ನು ಸುಡುವುದು) ಪದೇ ಪದೇ ನಡೆಯುತ್ತದೆ, ಅದಕ್ಕೆ ಸುರಿಯುವ ಪೋಸ್ಟ್ ಇಂಜೆಕ್ಷನ್ ಡೀಸೆಲ್ ಸಿಲಿಂಡರ್ ಗೋಡೆ ಮೇಲಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಟ್ಟ ಏರುತ್ತಾ ಇರುವ ಗಾಡಿ ನೋಡಿದ್ದೀರಲ್ವಾ? ಮೊದಲು ಗಾಳಿ, ಆಮೇಲೆ ಡೀಸೆಲ್. ಈ ಕ್ರಮ ತಪ್ಪಿಸದವರಿಗೆ ಇನ್ನೂ ಬೇಕಾದಷ್ಟು ಕೆಲಸ ಇದೆ.

ಎರಡನೇ ಓನರ್:

ನಾನು ಟ್ಯೂನರ್ ಅಲ್ಲ, ಗಾಡಿ ಇಟ್ಟುಕೊಂಡವನು. ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತೆಗೆದುಕೊಂಡೆ. ಆರು ತಿಂಗಳಾದ ಮೇಲೆ ಗೊತ್ತಾಯಿತು, ಡಿಪಿಎಫ್ ಡಬ್ಬಿ ಇದೆ, ಒಳಗೆ ಏನೂ ಇಲ್ಲ. ಯಾರೋ ಕೊರೆದು ಖಾಲಿ ಮಾಡಿ ಮತ್ತೆ ಬೆಸುಗೆ ಹಾಕಿದ್ದರು, ಸಾಫ್ಟ್‌ವೇರ್‌ನಲ್ಲಿ ಫಾಲ್ಟ್‌ಗಳನ್ನೂ ಮುಚ್ಚಿದ್ದರು. ಹೊಸ ಫಿಲ್ಟರ್, ಒರಿಜಿನಲ್ ಫೈಲ್, ಸೆನ್ಸರ್ ಎಲ್ಲಾ ಸೇರಿ ನನಗೆ ಬಿದ್ದ ಹೊಡೆತ ಹೇಳಲಾರೆ. ಅದಕ್ಕಿಂತ ಜಾಸ್ತಿ ಬೇಜಾರಾದದ್ದು, ಅಷ್ಟು ದಿನ ಮಕ್ಕಳನ್ನು ಅದೇ ಗಾಡಿ ಹಿಂದೆ ನಿಲ್ಲಿಸಿ ಡಿಕ್ಕಿಗೆ ಬ್ಯಾಗ್ ಹಾಕಿದ್ದೆ ಅನ್ನುವುದು.

ಅವತ್ತಿನಿಂದ ಇದರ ಬಗ್ಗೆ ಓದುತ್ತಾ ಇದ್ದೇನೆ. ಹಳೇ ಹೊಗೆ ಮೀಟರ್ ಹೊಗೆ ಎಷ್ಟು ಕಪ್ಪು ಅಂತ ಮಾತ್ರ ನೋಡುತ್ತಿತ್ತು, ಫಿಲ್ಟರ್ ಇಲ್ಲದ ಹೊಸ ಇಂಜಿನ್ ಕೂಡ ಅದರಲ್ಲಿ ಪಾಸ್ ಆಗುತ್ತಿತ್ತು. ಈಗ ಕಣಗಳನ್ನೇ ಎಣಿಸುತ್ತಾರೆ. ಬೆಲ್ಜಿಯಂನಲ್ಲಿ 2022ರ ಜುಲೈ, ನೆದರ್ಲೆಂಡ್ಸ್‌ನಲ್ಲಿ 2023ರ ಜನವರಿ, ಜರ್ಮನಿಯಲ್ಲಿ 2023ರ ಜುಲೈಯಿಂದ ವಾಹನ ತಪಾಸಣೆಯಲ್ಲೇ ಇದು ಬಂದಿದೆ. ಜರ್ಮನಿಯ ಮಿತಿ ಒಂದು ಘನ ಸೆಂಟಿಮೀಟರಿಗೆ 2,50,000 ಕಣ. ಫಿಲ್ಟರ್ ಸರಿಯಿದ್ದರೆ ಗಾಡಿ ಅದರ ಹತ್ತಿರವೂ ಹೋಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2021ರ ಜುಲೈಯಿಂದ ಸಾಫ್ಟ್‌ವೇರ್ ಬದಲಾಗಿದೆಯಾ ಅಂತಲೇ ನೋಡಿ ಫೇಲ್ ಮಾಡುತ್ತಾರೆ.

ಅಮೆರಿಕದ ಪರಿಸರ ಸಂಸ್ಥೆ ಇಪಿಎ 2020ರ ನವೆಂಬರ್‌ನಲ್ಲಿ ಕೊಟ್ಟ ವರದಿ ಪ್ರಕಾರ ಸುಮಾರು ಹತ್ತು ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಜಾಸ್ತಿ ಡೀಸೆಲ್ ಪಿಕಪ್‌ಗಳಿಂದ ಹೊಗೆ ತಡೆಯುವ ಉಪಕರಣ ತೆಗೆಯಲಾಗಿತ್ತು. ಅದರಿಂದ ಬಂದ ಹೊಗೆ 90 ಲಕ್ಷ ಸರಿಯಾದ ಪಿಕಪ್‌ಗಳನ್ನು ಹೊಸದಾಗಿ ರಸ್ತೆಗೆ ಇಳಿಸಿದಷ್ಟು. ಮಸಿಕೈ ಅವರೇ, ನೀವು ಆ ಕೆಲಸ ಬಿಟ್ಟದ್ದು ದೊಡ್ಡ ವಿಷಯ.

ಹಳೇ ಪಂಪು:

ಡಿಲೀಟ್ (ಡಿಪಿಎಫ್ ಥರದ್ದನ್ನು ತೆಗೆಯುವುದು) ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ನನ್ನ ಸಿಟ್ಟು ಇಸಿಯುಗೆ ಹಾಕುವ ಬೀಗದ ಬಗ್ಗೆ.

ವಿಶ್ವಸಂಸ್ಥೆಯ ಆರ್155 ಮತ್ತು ಆರ್156 ನಿಯಮಗಳು, ಒಂದು ಸೈಬರ್ ಸುರಕ್ಷತೆಗೆ, ಇನ್ನೊಂದು ಸಾಫ್ಟ್‌ವೇರ್ ಅಪ್‌ಡೇಟ್‌ಗೆ. ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲಾ ಹೊಸ ಕಾರುಗಳಿಗೂ ಅನ್ವಯ. ಉದ್ದೇಶ ಒಳ್ಳೆಯದೇ. ಆದರೆ ಅದೇ ನೆಪದಲ್ಲಿ ಇಸಿಯುಗೆ ಬೀಗ ಜಡಿದರೆ ಪ್ರಾಮಾಣಿಕವಾಗಿ ಕೆಲಸ ಮಾಡುವವನೂ ಹೊರಗೇ ನಿಲ್ಲಬೇಕು. ಮೋಸ ಮಾಡುವುದು ಬೀದಿಯ ಟ್ಯೂನರ್ ಮಾತ್ರ ಅಲ್ಲ ಅಲ್ವಾ? 2015ರಲ್ಲಿ ಫೋಕ್ಸ್‌ವ್ಯಾಗನ್‌ನ ಸಾಫ್ಟ್‌ವೇರ್ ಸಿಕ್ಕಿಬಿತ್ತು, ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಗಾಡಿ. ಟೆಸ್ಟ್ ನಡೆಯುವಾಗ ಒಂದು ಮ್ಯಾಪ್ (ಇಂಜಿನ್ ಸೆಟ್ಟಿಂಗ್), ರಸ್ತೆ ಮೇಲೆ ಇನ್ನೊಂದು. ಆ ಇಸಿಯುಗೆ ಬೀಗ ಹಾಕುವ ಕೈ ಕಂಪನಿಯದೇ ಆಗಿತ್ತು.

ಸರಿಯಾದ ದಾರಿ ಕ್ಯಾಲಿಫೋರ್ನಿಯಾದಲ್ಲಿ ಇದೆ. ನಿಮ್ಮ ಟ್ಯೂನ್‌ನಿಂದ ಹೊಗೆ ಮಿತಿ ಮೀರುವುದಿಲ್ಲ ಅಂತ ಟೆಸ್ಟ್ ಮಾಡಿ ತೋರಿಸಿದರೆ ಅಲ್ಲಿನ ವಾಯು ಮಂಡಳಿ ಒಂದು ಆದೇಶ ಸಂಖ್ಯೆ ಕೊಡುತ್ತದೆ, ಅದನ್ನು ಇಟ್ಟುಕೊಂಡು ಕಾನೂನು ಪ್ರಕಾರ ಮಾರಬಹುದು. ಟೆಸ್ಟಿಂಗ್ ಖರ್ಚು ಒಬ್ಬನಿಗೆ ಹೊರಲು ಕಷ್ಟ. ನಾಲ್ಕೈದು ಜನ ಟ್ಯೂನರ್‌ಗಳು ಸೇರಿ ಒಂದೊಂದು ಇಂಜಿನ್ ಹಿಡಿದು ಮಾಡಬಹುದು. ಇಂಥ ದಾರಿ ಎಲ್ಲಾ ದೇಶದಲ್ಲೂ ಬೇಕು ಅಂತ ನಾವೇ ಕೇಳಬೇಕು, ಬೇರೆ ಯಾರೂ ಕೇಳುವುದಿಲ್ಲ.

ಕಾಮನ್‌ರೈಲ್:

ಯುರೋ 7 ಬಗ್ಗೆ ಹೇಳಲು ಮರೆತೆ. ಡೀಸೆಲ್ ಕಾರಿನ ನಾಕ್ಸ್ ಮಿತಿ ಅದರಲ್ಲೂ 80ರಲ್ಲೇ ಇದೆ. ಬದಲಾಗಿದ್ದು ಬೇರೆ. ಕಣಗಳನ್ನು 23 ನ್ಯಾನೋಮೀಟರ್ ಬದಲು 10ರಿಂದಲೇ ಎಣಿಸಬೇಕು, ಗಾಡಿ 2 ಲಕ್ಷ ಕಿಲೋಮೀಟರ್ ಅಥವಾ 10 ವರ್ಷದವರೆಗೆ ನಿಯಮದೊಳಗೆ ಇರಬೇಕು, ಹೊಗೆಯನ್ನು ಗಾಡಿ ತಾನೇ ಅಳೆಯುತ್ತಾ ಇರಬೇಕು. ಹೊಸ ಮಾದರಿಯ ಕಾರುಗಳಿಗೆ 2026ರ ನವೆಂಬರ್ 29ರಿಂದ. ಕಳ್ಳ ಫೈಲ್ ಇನ್ನು ಮುಂದೆ ಗಾಡಿಯಿಂದಲೇ ಸಿಕ್ಕಿಬೀಳುತ್ತದೆ.

ಮಸಿಕೈ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂದುವರಿಯುತ್ತೇನೆ. ಒಂದೇ ಒಂದು ಪ್ರಶ್ನೆ. ನನ್ನ ಫೈಲ್ ಆದ ಮೇಲೆ ಇಸಿಯುವಿನ ಮಸಿ ಲೆಕ್ಕ ನಿಜದ ಮಸಿಗೆ ತಾಳೆ ಆಗುತ್ತಿದೆಯಾ ಅಂತ ನೋಡುವುದು ಹೇಗೆ?

ಕಾಮನ್‌ರೈಲ್:

ತುಂಬಾ ಇಸಿಯುಗಳಲ್ಲಿ ಎರಡು ಬೇರೆ ಬೇರೆ ಸಂಖ್ಯೆ ಸಿಗುತ್ತವೆ. ಒಂದು ಲೆಕ್ಕ ಹಾಕಿದ ಮಸಿ, ಇನ್ನೊಂದು ಫಿಲ್ಟರ್‌ನ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸದಿಂದ ಅಳೆದ ಮಸಿ. ಎರಡನ್ನೂ ಲಾಗ್ ಮಾಡಿ. ಅಳೆದದ್ದನ್ನು ಹೈವೇ ವೇಗದಲ್ಲಿ ಮಾತ್ರ ನಂಬಿ, ನಿಧಾನ ಓಡುವಾಗ ಹರಿವು ಕಡಿಮೆ, ವ್ಯತ್ಯಾಸ ತೀರಾ ಚಿಕ್ಕದು. ಟ್ಯೂನ್‌ಗೆ ಮೊದಲು ಎರಡು ರೀಜೆನ್ ನಡುವೆ ಎಷ್ಟು ಕಿಲೋಮೀಟರ್ ಓಡುತ್ತಿತ್ತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ರಸ್ತೆ, ಅದೇ ಡ್ರೈವರ್. ಆ ದೂರ ಅರ್ಧಕ್ಕೆ ಇಳಿದಿದ್ದರೆ ಫೈಲ್ ವಾಪಸ್ ತೆಗೆದು ಗಾಳಿ ಕಡೆಯಿಂದ ಮತ್ತೆ ಶುರು ಮಾಡಿ.